ಐದು ವರ್ಷ ದಾಟಿದ ಲಿನಕ್ಸ್ ಮಿಂಟ್: ನಾಲ್ಕು ಸಿಸ್ಟಮ್, ಒಂದು ಪ್ರಿಂಟರ್, ಒಂದು ಫೋಲ್ಡರ್

ತಿಪಟೂರಿನ ತಾಲ್ಲೂಕು ಕಚೇರಿ ಹತ್ತಿರ ನಮ್ಮದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆಸುವವರು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಸ್ಕಾಲರ್‌ಶಿಪ್‌ಗೆ ಬರುವ ಮಕ್ಕಳು, ಕರಾರುಪತ್ರ ಟೈಪ್ ಮಾಡಿಸುವವರು ನಮ್ಮ ಗಿರಾಕಿಗಳು. ಅಂಗಡಿಯಲ್ಲಿ ಮೊನ್ನೆಮೊನ್ನೆಯವರೆಗೆ ಇದ್ದದ್ದು ನಾಲ್ಕು ಸಿಸ್ಟಮ್, ಮೊದಲು ಎಲ್ಲಕ್ಕೂ ವಿಂಡೋಸ್ ಇತ್ತು. ಅದರಲ್ಲಿ ಮೂರಕ್ಕೆ 2020ರ ಆಗಸ್ಟ್‌ನಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಅವತ್ತಿನಿಂದ ಇವತ್ತಿನವರೆಗೂ ಅದರಲ್ಲೇ ಕೆಲಸ ನಡೀತಾ ಇದೆ. ಹಾಕಿದ ವಾರಕ್ಕೇ ಬರೆಯುವ ವಿಮರ್ಶೆಗಳು ಬೇಕಾದಷ್ಟಿವೆ. ದಿನಕ್ಕೆ ಹತ್ತು ಗಂಟೆಯಂತೆ ವರ್ಷಗಟ್ಟಲೆ ಬಳಸಿದ ಮೇಲೆ ಹೇಳೋ ಮಾತೇ ಬೇರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿಂಡೋಸ್ 7ಗೆ 2020ರ ಜನವರಿ 14ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಯಿತು. ನಮ್ಮ ಮೂರು ಸಿಸ್ಟಮ್‌ಗಳೂ ಹಳೆಯವು. ಒಂದಂತೂ ಕೋರ್ 2 ಡ್ಯುಯೊ. ಜನ ನಂಬಿ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ತಂದು ಕೊಡುತ್ತಾರೆ. ಅಂಥ ಕಾಗದಗಳು ಬಂದು ಹೋಗುವ ಸಿಸ್ಟಮ್‌ನಲ್ಲಿ ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್ ಬಳಸೋದು ನನಗೆ ಸರಿ ಕಾಣಲಿಲ್ಲ. ಆಗ ಕೊರೊನಾ ಕಾಲ, ಅಂಗಡಿಯಲ್ಲಿ ಕೆಲಸವೂ ಕಡಿಮೆ ಇತ್ತು. ಮಿಂಟ್ 20 ಜೂನ್‌ನಲ್ಲಷ್ಟೇ ಬಂದಿತ್ತು. ಉಬುಂಟು ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ ಸಿಸ್ಟಮ್, ದುಡ್ಡು ಕೊಡಬೇಕಾಗಿಲ್ಲ, ಐದು ವರ್ಷ ಅಪ್‌ಡೇಟ್ ಸಿಗುತ್ತೆ. ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಎರಡು ದಿನ ಪರೀಕ್ಷೆ ಮಾಡಿದೆ. ಹೊಸದಾಗಿ ಹಾಕಬೇಕು ಅನ್ನೋರು ಈ ಎರಡು ದಿನವನ್ನು ದಯವಿಟ್ಟು ಬಿಡಬೇಡಿ. ನೆಟ್, ಸೌಂಡ್, ಪ್ರಿಂಟರ್ ಯಾವುದು ಕೈ ಕೊಡುತ್ತೆ ಅಂತ ಇನ್‌ಸ್ಟಾಲ್ ಮಾಡೋದಕ್ಕೆ ಮೊದಲೇ ಗೊತ್ತಾಗುತ್ತೆ.

ಆಮೇಲೆ ಮೂರಕ್ಕೂ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆ. ವೇಗ ಜಾಸ್ತಿ ಆಗಿದ್ದರಲ್ಲಿ ಅರ್ಧ ಪಾಲು ಆ ಎಸ್‌ಎಸ್‌ಡಿಗೇ ಸೇರಬೇಕು, ಎಲ್ಲವನ್ನೂ ಮಿಂಟ್ ಲೆಕ್ಕಕ್ಕೆ ಬರೆಯೋದು ತಪ್ಪಾಗುತ್ತೆ. 8 ಜಿಬಿ ರ‍್ಯಾಮ್ ಇರುವುದಕ್ಕೆ ಸಿನಮನ್, 4 ಜಿಬಿಯ ಎರಡಕ್ಕೆ ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಎಕ್ಸ್‌ಎಫ್‌ಸಿಇ ನೋಡೋಕೆ ಸಾದಾ, ಆದರೆ ಕೋರ್ 2 ಡ್ಯುಯೊದಲ್ಲೂ ಬ್ರೌಸರ್ ಮತ್ತು ಲಿಬ್ರೆಆಫೀಸ್ (ಎಂಎಸ್ ಆಫೀಸ್ ಥರದ ಉಚಿತ ಪ್ರೋಗ್ರಾಂ) ಒಟ್ಟಿಗೆ ತೆರೆದು ಕೆಲಸ ಮಾಡಬಹುದು. 32 ಬಿಟ್ ಸಿಸ್ಟಮ್ ಇರುವವರಿಗೆ ಮಾತ್ರ ಮಿಂಟ್ 20ರಿಂದ ಈಚೆಗೆ ದಾರಿ ಇಲ್ಲ.

ಡೆಸ್ಕ್‌ಟಾಪ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಕೆಳಗೆ ಪ್ಯಾನಲ್, ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ನಮ್ಮಲ್ಲಿ ಕೆಲಸ ಮಾಡುವ ಹುಡುಗಿ ಮೊದಲ ದಿನ ನೋಡಿ, “ಅಣ್ಣಾ, ಎಲ್ಲಾ ಇದ್ದಲ್ಲೇ ಇದೆಯಲ್ಲ” ಅಂದಳು. ಎರಡು ದಿನಕ್ಕೆ ಕೈ ಕೂತಿತು.

ಕನ್ನಡ ಟೈಪಿಂಗ್‌ಗೆ ಸ್ವಲ್ಪ ಹೊತ್ತು ಬೇಕಾಯಿತು. ನಮಗೆಲ್ಲ ನುಡಿಯ ಕೆಜಿಪಿ ಕೀಲಿಮಣೆ ರೂಢಿ. ಮಿಂಟ್‌ನಲ್ಲಿ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಹಾಕಿಕೊಂಡು, ಅದರಲ್ಲಿ ಎಂ17ಎನ್ ಅನ್ನೋ ಕೀಲಿಮಣೆಗಳ ಕಂತೆಯ ಜೊತೆ ಬರುವ ಕೆಜಿಪಿ ಆರಿಸಿಕೊಂಡರೆ ಬೆರಳು ಅದೇ ಜಾಗದಲ್ಲೇ ಓಡುತ್ತೆ. ಲಿಬ್ರೆಆಫೀಸ್, ಬ್ರೌಸರ್, ಸರ್ಕಾರಿ ಅರ್ಜಿ ತುಂಬುವ ಜಾಗ, ಎಲ್ಲಾ ಕಡೆ ಯೂನಿಕೋಡ್‌ನಲ್ಲೇ ಬರುತ್ತೆ. ಫಾಂಟ್‌ಗಳಲ್ಲಿ ನನಗೆ ಗುಬ್ಬಿ ಮತ್ತು ನವಿಲು ಇಷ್ಟ. ನಮ್ಮ ಜಿಲ್ಲೆಯ ಒಂದು ಊರಿನ ಹೆಸರೂ ಗುಬ್ಬಿ ಆಗಿರೋದರಿಂದ ಇರಬಹುದು, ಅದರ ಮೇಲೆ ಸ್ವಲ್ಪ ಅಕ್ಕರೆ ಜಾಸ್ತಿ. ತೊಂದರೆ ಬಂದಿದ್ದು ಹಳೆಯ ಫೈಲ್‌ಗಳಿಂದ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ್ದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಕರಾರುಪತ್ರದ ನಮೂನೆಗಳು ಇಲ್ಲಿ ಗುರುತೇ ಸಿಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಅವನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿ, ಅರ್ಕಾವತ್ತು ಸರಿಯಾಗಿ ಕೂತಿದೆಯಾ ಅಂತ ಒಂದೊಂದೇ ಸಾಲು ಓದಿದೆ. ಹದಿನೈದು ದಿನ ಹಿಡಿಯಿತು. ಕ್ರಯಪತ್ರದಲ್ಲಿ ಒಂದು ಹೆಸರು ತಪ್ಪಾದರೆ ಏನಾಗುತ್ತೆ ಅಂತ ಈ ಕೆಲಸದಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ ಅಲ್ವಾ?

ಇನ್ನು ನೆಟ್‌ವರ್ಕ್. ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಒಂದೇ ಸಿಸ್ಟಮ್ ಇಟ್ಟುಕೊಂಡು ನೋಡಿದರೆ ಆಪರೇಟಿಂಗ್ ಸಿಸ್ಟಮ್‌ನ ಗುಣ ಅರ್ಧವೂ ತಿಳಿಯೋದಿಲ್ಲ. ನಾಲ್ಕು ಸಿಸ್ಟಮ್ ಸೇರಿ ಒಂದು ಪ್ರಿಂಟರ್, ಒಂದು ಫೋಲ್ಡರ್ ಬಳಸಬೇಕಾದಾಗ ಬಂಡವಾಳ ಗೊತ್ತಾಗುತ್ತೆ. ಮೊದಲೆಲ್ಲ ನಾವು ಪೆನ್‌ಡ್ರೈವ್ ಹಿಡಿದು ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿದ್ದೆವು. ಅದರ ಜೊತೆ ವೈರಸ್ಸೂ ಓಡಾಡುತ್ತಿತ್ತು.

ವೈಫೈ ಬೇಡ ಅಂತ ನಿರ್ಧಾರ ಮಾಡಿದೆ. ಒಂದು ಸಿಸ್ಟಮ್‌ಗೆ ಇದ್ದ ಹಳೆಯ ವೈಫೈ ಡಾಂಗಲ್ ಅನ್ನು ಮಿಂಟ್ ಗುರುತೇ ಹಿಡಿಯಲಿಲ್ಲ. ಡ್ರೈವರ್ ಹುಡುಕಿ ಹಾಕಿದರೆ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದಾಗ ಮತ್ತೆ ಕೈ ಕೊಟ್ಟಿತು. ಒಂದು ಗಿಗಾಬಿಟ್ ಸ್ವಿಚ್ ತಂದು, ಗೋಡೆ ಅಂಚಿನಲ್ಲಿ ಕ್ಯಾಟ್ 6 ಕೇಬಲ್ ಎಳೆದೆ. ಕೇಬಲ್ ತುದಿಗೆ ಕನೆಕ್ಟರ್ ಕೂರಿಸುವ ಕ್ರಿಂಪಿಂಗ್ ನಾನೇ ಮಾಡಿದೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಎಲ್ಲಾ ಸಿಸ್ಟಮ್‌ಗೂ ನೆಟ್ ಬಂತು. ಆದರೆ ಹಿಂದಿನ ಟೇಬಲ್‌ನಲ್ಲಿ ಸ್ಕ್ಯಾನ್ ಮಾಡಿದ ದೊಡ್ಡ ಫೈಲ್ ಕಳಿಸಿದರೆ ಮಾತ್ರ ತುಂಬಾ ನಿಧಾನ. ಪ್ಯಾನಲ್‌ನ ನೆಟ್‌ವರ್ಕ್ ಐಕಾನ್‌ನಲ್ಲಿ ಕನೆಕ್ಷನ್ ವಿವರ ತೆಗೆದರೆ ಸ್ಪೀಡ್ ಸೆಕೆಂಡಿಗೆ 100 ಮೆಗಾಬಿಟ್ ಅಂತ ತೋರಿಸುತ್ತಿತ್ತು, ಉಳಿದ ಸಿಸ್ಟಮ್‌ಗಳಲ್ಲಿ 1000. ನೂರಕ್ಕೆ 1, 2, 3, 6ನೇ ತಂತಿ ಸಾಕು. ಸಾವಿರಕ್ಕೆ ಎಂಟೂ ಬೇಕು. ಕನೆಕ್ಟರ್ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಏಳು ತಂತಿಗಳ ತಾಮ್ರ ತುದಿಯಲ್ಲಿ ಸಾಲಾಗಿ ಮಿಂಚುತ್ತಿತ್ತು. ಕೊನೆಯ ಕಂದು ತಂತಿ ಎಳ್ಳುಕಾಳಿನಷ್ಟು ಹಿಂದೆಯೇ ನಿಂತುಬಿಟ್ಟಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ ಮೇಲೆ ಅಲ್ಲೂ 1000 ಬಂತು.

ಪ್ರಿಂಟರ್ ಅನ್ನು 8 ಜಿಬಿಯ ಸಿಸ್ಟಮ್‌ಗೆ ಯುಎಸ್‌ಬಿಯಲ್ಲಿ ಜೋಡಿಸಿದ್ದೇನೆ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಹಂಚಿಕೊಳ್ಳುವ ಆಯ್ಕೆಗೆ ಟಿಕ್ ಹಾಕಿದ ಕೂಡಲೇ ಉಳಿದ ಮಿಂಟ್ ಸಿಸ್ಟಮ್‌ಗಳ ಪಟ್ಟಿಯಲ್ಲಿ ಅದು ತಾನಾಗಿಯೇ ಬಂತು. ವಿಂಡೋಸ್ ಸಿಸ್ಟಮ್‌ನಲ್ಲಿ ಮಾತ್ರ ಪ್ರಿಂಟರ್ ಇರುವ ಸಿಸ್ಟಮ್‌ನ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ನಂಬರ್ ಕೊಟ್ಟು, 631 ಪೋರ್ಟ್ (ಪ್ರಿಂಟ್ ಕೆಲಸ ಹೋಗುವ ಬಾಗಿಲಿನ ನಂಬರ್) ಹಾಕಿ ಸೇರಿಸಬೇಕಾಯಿತು. ಒಂದು ತಿಂಗಳು ಚೆನ್ನಾಗಿ ನಡೀತು. ಒಂದು ದಿನ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ವಿಂಡೋಸ್‌ನಿಂದ ಪ್ರಿಂಟ್ ಹೋಗಲೇ ಇಲ್ಲ. ಎದುರಿಗೆ ಆರು ಜನ ನಿಂತಿದ್ದರು. ಡ್ರೈವರ್ ತೆಗೆದು ಹಾಕಿದೆ, ಸಿಸ್ಟಮ್ ರೀಸ್ಟಾರ್ಟ್ ಮಾಡಿದೆ, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಹೊಳೆಯಿತು. ರೂಟರ್ ಆಫ್ ಆಗಿ ಆನ್ ಆದಾಗ ಹೊಸದಾಗಿ ನಂಬರ್ ಹಂಚಿದೆ. ಪ್ರಿಂಟರ್ ಇದ್ದ ಸಿಸ್ಟಮ್‌ನ ಹಳೆಯ ನಂಬರ್ ಯಾರದೋ ಮೊಬೈಲ್‌ಗೆ ಹೋಗಿದೆ!

ಅವತ್ತು ರಾತ್ರಿಯೇ ರೂಟರ್ ಒಳಗೆ ಹೋಗಿ ಪ್ರತಿ ಸಿಸ್ಟಮ್‌ನ ಮ್ಯಾಕ್ ಅಡ್ರೆಸ್‌ಗೆ (ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತು) ಒಂದೊಂದು ಐಪಿ ಕಾಯಂ ಮಾಡಿದೆ. 192.168.1.10ರಿಂದ 13ರವರೆಗೆ ನಮ್ಮ ನಾಲ್ಕು ಸಿಸ್ಟಮ್, 100ರಿಂದ ಮೇಲೆ ಮೊಬೈಲ್ ಮತ್ತಿತರ. ಪ್ರತಿ ಮಾನಿಟರ್ ಕೆಳಗೆ ನಂಬರ್ ಬರೆದ ಚೀಟಿ ಅಂಟಿಸಿದೆ. ಅಲ್ಲಿಂದ ಈಚೆಗೆ ಎಷ್ಟು ಸಲ ಕರೆಂಟ್ ಹೋದರೂ ಪ್ರಿಂಟರ್ ಕಳೆದುಹೋಗಿಲ್ಲ. ಹೊಸದಾಗಿ ಅಂಗಡಿ ಇಡುವವರು ಈ ಕೆಲಸವನ್ನು ಮೊದಲ ದಿನವೇ ಮಾಡಿಕೊಳ್ಳಿ.

ಫೋಲ್ಡರ್ ಹಂಚಿಕೊಳ್ಳೋದರಲ್ಲಿ ಮಿಂಟ್ ನನ್ನ ಅರ್ಧ ದಿನ ತಿಂದಿತು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಶೇರ್ ಅಂತ ಕೊಟ್ಟರೆ ಅದು ಸಾಂಬಾ ಅನ್ನೋ ಫೋಲ್ಡರ್ ಹಂಚುವ ಪ್ರೋಗ್ರಾಂ ಹಾಕಿಕೊಳ್ಳುತ್ತೆ, ಅಲ್ಲಿಗೆ ಎಲ್ಲ ಸುಲಭ. ಬೇರೆ ಸಿಸ್ಟಮ್‌ನಿಂದ ತೆರೆಯೋಕೆ ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತೆ. ಲಾಗಿನ್ ಪಾಸ್‌ವರ್ಡ್ ಸರಿಯಾಗಿಯೇ ಕೊಡುತ್ತಿದ್ದೆ. ಸಾಂಬಾಗೆ ಬೇರೆಯದೇ ಪಾಸ್‌ವರ್ಡ್ ಇಡಬೇಕು, ಅದನ್ನು ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟೇ ಇಡಬೇಕು ಅನ್ನೋದು ಆ ಶೇರ್ ವಿಂಡೋದಲ್ಲಿ ಎಲ್ಲೂ ಬರೆದಿಲ್ಲ. ಒಂದು ಸಾಲು ಬರೆದಿದ್ದರೂ ಸಾಕಿತ್ತು. ಇಷ್ಟು ವರ್ಷಗಳಲ್ಲಿ ಮಿಂಟ್ ಬಗ್ಗೆ ನನಗೆ ನಿಜವಾಗಿ ಬೇಜಾರಾಗಿದ್ದು ಇದೊಂದಕ್ಕೆ. ಇನ್ನೊಂದು ವಿಷಯ: ವಿಂಡೋಸ್ 10ರ ನೆಟ್‌ವರ್ಕ್ ಪಟ್ಟಿಯಲ್ಲಿ ನಮ್ಮ ಮಿಂಟ್ ಸಿಸ್ಟಮ್ ಕಾಣಿಸೋದಿಲ್ಲ. ಆ ಪಟ್ಟಿಯಲ್ಲಿ ಹೆಸರು ತೋರಿಸುತ್ತಿದ್ದ ಹಳೆಯ ಎಸ್‌ಎಂಬಿ 1 ಪದ್ಧತಿಯನ್ನು 2017ರಿಂದ ಹೊಸ ವಿಂಡೋಸ್‌ಗಳಲ್ಲಿ ಬಿಟ್ಟಿದ್ದಾರೆ, ಸುರಕ್ಷತೆಗೆ ಅದೇ ಒಳ್ಳೆಯದು. ಅಡ್ರೆಸ್ ಬಾರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಐಪಿ ಟೈಪ್ ಮಾಡಿದರೆ ತೆರೆಯುತ್ತೆ. ಐಪಿ ಕಾಯಂ ಮಾಡಿದ್ದು ಇಲ್ಲೂ ಉಪಯೋಗಕ್ಕೆ ಬಂತು.

ಮಿಂಟ್‌ನಲ್ಲಿ ಹೊರಗಿನಿಂದ ಬರುವ ಸಂಪರ್ಕ ತಡೆಯುವ ಫೈರ್‌ವಾಲ್ ಇದೆ, ಆದರೆ ಇನ್‌ಸ್ಟಾಲ್ ಆದಾಗ ಆಫ್ ಆಗಿರುತ್ತೆ. ಆನ್ ಮಾಡಿ. ಮಾಡಿದ ಮೇಲೆ ಸಾಂಬಾಗೆ ಮತ್ತು 631 ಪೋರ್ಟ್‌ಗೆ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಫೋಲ್ಡರ್, ಪ್ರಿಂಟರ್ ಎರಡೂ ಸಿಗೋದಿಲ್ಲ. ಗಿರಾಕಿಗಳಿಗೆ ಕೊಡುವ ವೈಫೈ ಅನ್ನು ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಮಾಡಿದ್ದೇನೆ. ಅವರ ಮೊಬೈಲ್‌ಗೆ ನಮ್ಮ ಫೋಲ್ಡರ್ ಕಾಣಬಾರದು. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಆ ದಿನದ ಆಧಾರ್ ಕಾಪಿಗಳನ್ನೆಲ್ಲ ಅಳಿಸೋದು ನಮ್ಮಲ್ಲಿ ಬಾಗಿಲು ಹಾಕಿದಷ್ಟೇ ಕಡ್ಡಾಯ.

ಒಂದೇ ಒಂದು ಫೈಲ್ ಕಳಿಸಬೇಕಾದರೆ ಸಾಂಬಾ ಕೂಡ ಬೇಡ. ಮಿಂಟ್ 20ರಿಂದ ವಾರ್ಪಿನೇಟರ್ ಅನ್ನೋ ಪ್ರೋಗ್ರಾಂ ಜೊತೆಗೇ ಬರುತ್ತೆ. ಎರಡೂ ಕಡೆ ತೆರೆದರೆ ಒಂದಕ್ಕೊಂದು ಕಾಣುತ್ತವೆ, ಫೈಲ್ ಎಳೆದು ಬಿಟ್ಟರೆ ಹೋಗುತ್ತೆ. ನಮ್ಮ ಹುಡುಗಿ ದಿನವೆಲ್ಲ ಅದನ್ನೇ ಬಳಸುತ್ತಾಳೆ.

ನೆಟ್ ಹೋದಾಗ ಏನು ಮಾಡಬೇಕು ಅಂತ ಅವಳಿಗೂ ಕಲಿಸಿದ್ದೇನೆ. ಟರ್ಮಿನಲ್ ತೆರೆದು ಮೂರು ಸಲ ಪಿಂಗ್ ಮಾಡಬೇಕು, ಅಂದರೆ ಆ ಕಡೆಯಿಂದ ಉತ್ತರ ಬರುತ್ತಾ ಅಂತ ನೋಡಬೇಕು. ಮೊದಲು ರೂಟರ್‌ಗೆ, ಅಂದರೆ 192.168.1.1ಕ್ಕೆ. ಉತ್ತರ ಬರದಿದ್ದರೆ ತೊಂದರೆ ನಮ್ಮ ಕೇಬಲ್‌ನಲ್ಲಿ, ಸ್ವಿಚ್‌ನಲ್ಲಿ ಅಥವಾ ರೂಟರ್‌ನಲ್ಲೇ ಇದೆ. ಆಮೇಲೆ ಗೂಗಲ್‌ನ 8.8.8.8ಕ್ಕೆ. ಅಲ್ಲಿ ನಿಂತರೆ ಹೊರಗಿನ ಲೈನ್ ಹೋಗಿದೆ, ಕಂಪನಿಗೆ ಫೋನ್ ಮಾಡಬೇಕು. ಮೂರನೆಯದು ಯಾವುದಾದರೂ ವೆಬ್‌ಸೈಟ್ ಹೆಸರಿಗೆ. ಮೊದಲ ಎರಡಕ್ಕೆ ಉತ್ತರ ಬಂದು ಇದು ನಿಂತರೆ ತೊಂದರೆ ಡಿಎನ್‌ಎಸ್‌ನಲ್ಲಿದೆ, ಅಂದರೆ ವೆಬ್‌ಸೈಟ್ ಹೆಸರಿಗೆ ಅದರ ನಂಬರ್ ಹುಡುಕಿ ಕೊಡುವ ಕಡೆ. ಹೋದ ವರ್ಷ ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ ಹೀಗೇ ಆಯಿತು. ಮಕ್ಕಳು ಬಾಗಿಲ ಹೊರಗಿನವರೆಗೂ ನಿಂತಿದ್ದರು, ಒಂದು ಪುಟವೂ ತೆರೆಯುತ್ತಿಲ್ಲ. ನಾನು ತುಮಕೂರಿಗೆ ಹೋಗಿದ್ದೆ. ಅವಳೇ ಪಿಂಗ್ ಮಾಡಿ, “ಅಣ್ಣಾ, ಮೂರನೆಯದು ಹೋಗ್ತಾ ಇಲ್ಲ” ಅಂತ ಫೋನ್ ಮಾಡಿದಳು. ಕನೆಕ್ಷನ್ ಸೆಟ್ಟಿಂಗ್‌ನ ಐಪಿವಿ4 ಭಾಗದಲ್ಲಿ ಡಿಎನ್‌ಎಸ್ ಜಾಗಕ್ಕೆ ಕ್ಲೌಡ್‌ಫ್ಲೇರ್‌ ಕಂಪನಿಯ 1.1.1.1 ಹಾಕಿ, ಒಂದು ಸಲ ಡಿಸ್‌ಕನೆಕ್ಟ್ ಮಾಡಿ ಕನೆಕ್ಟ್ ಮಾಡು ಅಂದೆ. ಎರಡು ನಿಮಿಷಕ್ಕೆ ಪುಟ ತೆರೆಯಿತು. ಅವತ್ತು ಬಂದ ಎಲ್ಲಾ ಮಕ್ಕಳ ಅರ್ಜಿಯೂ ಹೋಯಿತು. ಆ ಸಂಜೆಯ ಸಮಾಧಾನ ನನಗೆ ಇನ್ನೂ ನೆನಪಿದೆ.

ಅಪ್‌ಗ್ರೇಡ್ ವಿಷಯದಲ್ಲಿ ಮಿಂಟ್‌ಗೆ ಪೂರ್ತಿ ಅಂಕ. 20ರಿಂದ 21ಕ್ಕೆ, ಅಲ್ಲಿಂದ 22ಕ್ಕೆ ಬಂದಿದ್ದೇನೆ, ಫಾರ್ಮ್ಯಾಟ್ ಮಾಡಿಲ್ಲ. ಅಪ್‌ಗ್ರೇಡ್ ಮಾಡುವ ಮೊದಲು ಟೈಮ್‌ಶಿಫ್ಟ್ ಅನ್ನೋ ಪ್ರೋಗ್ರಾಂನಲ್ಲಿ ಸ್ನ್ಯಾಪ್‌ಶಾಟ್ (ಸಿಸ್ಟಮ್ ಆಗ ಇರುವ ಸ್ಥಿತಿಯ ನಕಲು) ತೆಗೆದುಕೊಳ್ಳಲೇಬೇಕು ಅಂತ ಅದೇ ಹಟ ಹಿಡಿಯುತ್ತೆ. ಒಂದು ಸಲ ಭಾನುವಾರ ಅಪ್‌ಗ್ರೇಡ್ ಆಗುತ್ತಿರುವಾಗ ಯುಪಿಎಸ್ ಕೈ ಕೊಟ್ಟು ಸಿಸ್ಟಮ್ ಆರಿಹೋಯಿತು. ಡೆಸ್ಕ್‌ಟಾಪ್ ಬರಲಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಟೈಮ್‌ಶಿಫ್ಟ್ ತೆರೆದು ಹಿಂದಿನ ಸ್ಥಿತಿಗೆ ತಂದೆ. ಅರ್ಧ ಗಂಟೆಯಲ್ಲಿ ಎಲ್ಲ ಮೊದಲಿನಂತೆ. ಆದರೆ ಟೈಮ್‌ಶಿಫ್ಟ್ ಕಾಪಾಡೋದು ಸಿಸ್ಟಮ್ ಫೈಲ್‌ಗಳನ್ನು ಮಾತ್ರ. ನಿಮ್ಮ ಡಾಕ್ಯುಮೆಂಟ್‌ಗಳಿಗೆ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಬ್ಯಾಕಪ್ ಇಟ್ಟುಕೊಳ್ಳಲೇಬೇಕು.

ಆಗದ ಕೆಲಸಗಳೂ ಇವೆ. ಟ್ಯಾಲಿ, ಪೇಜ್‌ಮೇಕರ್, ಕೋರೆಲ್‌ಡ್ರಾ ಇವುಗಳಿಗೆ ಈಗ ಲಿನಕ್ಸ್ ಆವೃತ್ತಿ ಇಲ್ಲ. ಮದುವೆ ಕಾರ್ಡನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡುತ್ತೇನೆ, ಆದರೆ ಪ್ರೆಸ್‌ನವರು ಕೋರೆಲ್ ಫೈಲೇ ಕೇಳುತ್ತಾರೆ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ನಮ್ಮಲ್ಲಿ ವಿಂಡೋಸ್‌ನಲ್ಲೇ ನಡೆಯೋದು. ಹಳೆಯ ಲೇಸರ್ ಪ್ರಿಂಟರ್ ಒಂದಕ್ಕೆ ಎಷ್ಟು ಹುಡುಕಿದರೂ ಸರಿಯಾದ ಡ್ರೈವರ್ ಸಿಗಲಿಲ್ಲ. ಕೊನೆಗೆ ಅದನ್ನು ಮಾರಿ, ಲಿನಕ್ಸ್‌ಗೆ ಹೊಂದುತ್ತೆ ಅಂತ ಖಚಿತ ಮಾಡಿಕೊಂಡೇ ಬೇರೆ ತಂದೆ. ಆದ್ದರಿಂದ ನಮ್ಮಂಥ ಅಂಗಡಿಗೆ ಒಂದು ವಿಂಡೋಸ್ ಸಿಸ್ಟಮ್ ಇರಲೇಬೇಕು. ಬರೀ ಟೈಪಿಂಗ್, ಅರ್ಜಿ, ಪ್ರಿಂಟ್ ಅಷ್ಟೇ ಮಾಡುವವರಿಗೆ ಅದೂ ಬೇಕಾಗಿಲ್ಲ.

ನಮ್ಮ ನಾಲ್ಕನೇ ಸಿಸ್ಟಮ್‌ನಲ್ಲಿ ಇದ್ದಿದ್ದು ವಿಂಡೋಸ್ 10. ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಬೇಕು, ಈ ಸಿಸ್ಟಮ್‌ನಲ್ಲಿ ಇಲ್ಲ. ಬೆರಳಚ್ಚು ಮತ್ತು ಟ್ಯಾಲಿ ಕೆಲಸಕ್ಕೆ ಅಂತ ಹೊಸದೊಂದು ತಂದೆ. ಹಳೆಯದು ಇನ್ನೂ ಗಟ್ಟಿಮುಟ್ಟಾಗಿದೆ, ಎಸೆಯೋಕೆ ಮನಸ್ಸು ಬರಲಿಲ್ಲ. ಹೋದ ವಾರ ಅದಕ್ಕೂ ಮಿಂಟ್ 22 ಹಾಕಿದೆ. 13 ಅನ್ನೋ ನಂಬರ್ ಅದಕ್ಕೇ ಉಳಿಸಿ, ಹೊಸದಕ್ಕೆ ರೂಟರ್‌ನಲ್ಲಿ 14 ಕೊಟ್ಟೆ. ಕೇಬಲ್ ಸಿಕ್ಕಿಸಿ ಪ್ರಿಂಟ್ ಪಟ್ಟಿ ತೆರೆದಾಗ ನಮ್ಮ ಪ್ರಿಂಟರ್ ಹೆಸರು ಅಲ್ಲಿ ಆಗಲೇ ಬಂದಿತ್ತು. ಹುಡುಗಿ ಚೀಟಿಯಲ್ಲಿ 14 ಅಂತ ಬರೆದು ಹೊಸ ಮಾನಿಟರ್ ಕೆಳಗೆ ಅಂಟಿಸಿದಳು.