ನಾಲ್ಕು ನಂಬರಿನ ಪೋಸ್ಟ್‌ಪೇಯ್ಡ್ ಪ್ಲಾನ್ ಒಡೆದು ಹನ್ನೊಂದು ತಿಂಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ನಾಲ್ಕು ಮೊಬೈಲ್ ನಂಬರ್. ನಾನು, ನಮ್ಮವರು, ಎಂಜಿನಿಯರಿಂಗ್ ಓದುವ ಮಗ, ಅತ್ತೆ. ನಾಲ್ಕೂ ಒಂದೇ ಫ್ಯಾಮಿಲಿ ಪೋಸ್ಟ್‌ಪೇಯ್ಡ್ ಪ್ಲಾನಿನಲ್ಲಿದ್ದವು. ಎಲ್ಲರಿಗೂ ಸೇರಿ ತಿಂಗಳಿಗೆ 75 ಜಿಬಿ. ಬಾಡಿಗೆ 999, ಶೇ. 18 ಜಿಎಸ್‌ಟಿ ಸೇರಿದರೆ 1,179 ರೂಪಾಯಿ.

2024ರ ಕೊನೆಯಲ್ಲಿ ಬಿಲ್ ಏರತೊಡಗಿತು. 1,540, ಆಮೇಲೆ 1,610. ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದ್ದವಲ್ಲ, ಅದರದೇ ಇರಬೇಕು ಅಂತ ಸುಮ್ನೆ ಕಟ್ಟಿದೆ. ಮೂರನೇ ತಿಂಗಳು 1,783 ಬಂದಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಇನ್ನೂ ದೊಡ್ಡ ಪ್ಲಾನ್ ತಗೊಳ್ಳಿ ಮೇಡಂ, ಅಂದರು. ಯಾರು ಎಷ್ಟು ಬಳಸುತ್ತಿದ್ದೀರಿ ಎಂದು ಒಂದು ಮಾತೂ ಕೇಳಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಅವತ್ತು ರಾತ್ರಿ ಮೂರು ತಿಂಗಳ ಬಿಲ್ಲನ್ನೂ ಆ್ಯಪ್‌ನಿಂದ ಡೌನ್‌ಲೋಡ್ ಮಾಡಿ, ನಂಬರ್‌ವಾರು ಬಳಕೆ ನೋಡಿದೆ. ಕೊನೆಯ ತಿಂಗಳು ಅತ್ತೆಯದು ಒಂದು ಜಿಬಿಯೂ ಇಲ್ಲ. ನಮ್ಮವರದು 9. ದಿನಾ ಲೋಕಲ್‌ನಲ್ಲಿ ಫೋರ್ಟ್‌ಗೆ ಹೋಗಿ ಬರುವ ನನ್ನದು 22. ಮಗನದು 68! ಮಿತಿ ದಾಟಿದ್ದು ಸುಮಾರು 25 ಜಿಬಿ. ಮಿತಿ ದಾಟಿದ ಮೇಲೆ ಒಂದು ಎಂಬಿಗೆ 2 ಪೈಸೆ ಅಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ಒಂದು ಜಿಬಿಗೆ, ಅಂದರೆ 1,024 ಎಂಬಿಗೆ, 20 ರೂಪಾಯಿ 48 ಪೈಸೆ ಆಗುತ್ತದೆ. 25 ಜಿಬಿಗೆ 512. ಅದರ ಮೇಲೆ ಮತ್ತೆ ಜಿಎಸ್‌ಟಿ.

ಮಗನನ್ನು ಬೈಯುವ ಮೊದಲು ಕೂತು ವಿಚಾರಿಸಿದ್ದು ಒಳ್ಳೆಯದಾಯಿತು. ಅವನು ಸಿನಿಮಾ ನೋಡಿರಲಿಲ್ಲ. ಕಾಲೇಜಿನಲ್ಲಿ ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್ ಬಳಸುತ್ತಿದ್ದ. ಲ್ಯಾಪ್‌ಟಾಪ್ ಅದನ್ನೂ ಮನೆಯ ವೈಫೈ ಥರವೇ ನೋಡುತ್ತದೆ. ಅಪ್‌ಡೇಟ್, ಫೋಟೊ ಬ್ಯಾಕಪ್ ಎಲ್ಲ ಅದರಲ್ಲೇ ನಡೆಯುತ್ತಿತ್ತು. ವಿಂಡೋಸ್‌ನಲ್ಲಿ ಆ ಹಾಟ್‌ಸ್ಪಾಟನ್ನು 'ಮೀಟರ್ಡ್ ಕನೆಕ್ಷನ್' (ಡೇಟಾಕ್ಕೆ ಮಿತಿ ಇರುವ ಸಂಪರ್ಕ) ಎಂದು ಗುರುತು ಹಾಕಿದ ಮೇಲೆ ಅವನ ಬಳಕೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು.

2025ರ ಫೆಬ್ರವರಿಯಲ್ಲಿ ಪ್ಲಾನನ್ನೇ ಒಡೆದೆವು. ನಾವಿಬ್ಬರೂ ಸೇರಿ ಒಂದೇ 699ರ ಚಿಕ್ಕ ಪೋಸ್ಟ್‌ಪೇಯ್ಡ್‌ಗೆ ಬಂದೆವು. ಮಗ ದಿನಕ್ಕೆ 2 ಜಿಬಿಯ 349ರ ಪ್ರಿಪೇಯ್ಡ್‌ಗೆ ಹೋದ. ಅಲ್ಲಿ 2 ಜಿಬಿ ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ದುಡ್ಡು ಹೋಗುವುದಿಲ್ಲ. ಅತ್ತೆಗೆ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ 84 ದಿನದ ಪ್ಯಾಕ್. ಇಂಥ ಪ್ಯಾಕ್ ಕೊಡಲೇಬೇಕು ಎಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿದ್ದರಿಂದ ಬಂದದ್ದು. ಇದನ್ನು ಅಂಗಡಿಯವರು ತಾವಾಗಿ ತೋರಿಸಲಿಲ್ಲ, ಕೇಳಿ ತಗೊಂಡೆ.

ನಾನು ಮಾಡಿದ ತಪ್ಪೆಂದರೆ ಬಿಲ್ ಸೈಕಲ್ ನಡುವೆ ಬದಲಾಯಿಸಿದ್ದು. ಹಳೆಯ ಪ್ಲಾನಿನ ಅರ್ಧ, ಹೊಸದರ ಅರ್ಧ ಸೇರಿ ಆ ತಿಂಗಳ ಬಿಲ್ ಅರ್ಥವೇ ಆಗಲಿಲ್ಲ. ಮುಂದಿನ ಸೈಕಲ್‌ನಿಂದ ಎಂದು ಹೇಳಿಸಿಕೊಳ್ಳಿ. ಫೋನಿನ ಡೇಟಾ ಎಚ್ಚರಿಕೆಯ ಸೆಟ್ಟಿಂಗ್‌ನಲ್ಲೂ ತಾರೀಕು ಬದಲಿಸಬೇಕು. ನಮ್ಮ ಬಿಲ್ ಶುರುವಾಗುವುದು 11ರಿಂದ, ಫೋನು 1ರಿಂದ ಲೆಕ್ಕ ಹಾಕುತ್ತಿತ್ತು.

ಈಗ ಎಲ್ಲ ಸೇರಿ ತಿಂಗಳಿಗೆ ಸರಾಸರಿ 1,370 ಆಗುತ್ತದೆ. ಹಳೆಯ 1,179ಕ್ಕಿಂತ ಜಾಸ್ತಿಯೇ. ಆದರೆ ಹನ್ನೊಂದು ತಿಂಗಳಲ್ಲಿ ಮಿತಿ ದಾಟಿದ ಶುಲ್ಕ ಒಂದು ಪೈಸೆಯೂ ಬಂದಿಲ್ಲ. ಮಗನ ಪ್ಯಾಕ್ 28 ದಿನದ್ದು, ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. ಒಮ್ಮೆ ಮರೆತು ಪರೀಕ್ಷೆಯ ದಿನವೇ ಅವನ ಕರೆ ನಿಂತಿತ್ತು. ಆಗ ತುಂಬಾ ಗಾಬರಿಯಾಗಿತ್ತು.

ಅತ್ತೆ ಕುಂದಾಪುರದ ತಂಗಿಗೆ ಮನೆಯ ವೈಫೈನಲ್ಲೇ ವಿಡಿಯೋ ಕಾಲ್ ಮಾಡುತ್ತಾರೆ, ಅದಕ್ಕೇನೂ ತೊಂದರೆಯಿಲ್ಲ. ಆದರೆ ಮೇ ತಿಂಗಳಲ್ಲಿ ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಒಬ್ಬರೇ ಊರಿಗೆ ಹೊರಟಾಗ ಕಷ್ಟವಾಯಿತು. ಗಾಡಿ ಎಲ್ಲಿದೆ ಎಂದು ಫೋನಿನಲ್ಲಿ ನೋಡಲೂ ಅವರಿಗೆ ಆಗಲಿಲ್ಲ. ಈ ಸಲ ಹೊರಡುವ ಮುಂಚೆ ಅವರ ನಂಬರಿಗೆ ಒಂದು ಸಣ್ಣ ಡೇಟಾ ಪ್ಯಾಕ್ ಹಾಕಿಸುತ್ತೇನೆ.