ತಾರಸಿಯ ಮೇಲೆ ಮೂರು ಗಿಡ, ಕೊಯ್ಲಿಗೆ ಮುಂಚೆ ಬಂದ ಜೀಪು

ಮನೆಯಲ್ಲಿ ಕುಂಡದಲ್ಲಿ ಗಾಂಜಾ ಗಿಡ ಇಟ್ಟುಕೊಂಡು, "ಕೊಯ್ದು ಒಣಗಿಸಿದರೆ ತಾನೆ ತಪ್ಪು, ಸುಮ್ನೆ ಗಿಡ ಇದ್ದರೆ ಏನಾಗುತ್ತೆ" ಅಂದುಕೊಂಡಿರುವವರು ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಎಫ್‌ಐಆರ್‌ನಲ್ಲಿ ನಾನು ಎರಡನೇ ಆರೋಪಿ.

ನನಗೆ ಐವತ್ತೆಂಟು ವರ್ಷ. ಹುಟ್ಟಿದ್ದು ಮಂಡ್ಯದ ಹತ್ತಿರ, ವಿ.ಸಿ. ನಾಲೆಯ ಬಯಲಿನ ಒಂದು ಊರಲ್ಲಿ. ಈಗ ಮೈಸೂರಿನ ಕುವೆಂಪುನಗರದಲ್ಲಿ ಸ್ವಂತ ಮನೆ. ಗದ್ದೆ ಬಿಟ್ಟು ಬಂದರೂ ಮಣ್ಣಿನ ಚಾಳಿ ಬಿಡಲಿಲ್ಲ. ತಾರಸಿ ತುಂಬಾ ಬದನೆ, ತೊಂಡೆ, ದೊಡ್ಡಪತ್ರೆ, ಎರಡು ಸೇವಂತಿಗೆ. ಮೇಲಿನ ರೂಮಿನಲ್ಲಿ ನನ್ನ ಅಕ್ಕನ ಮಗ ಇದ್ದ. ಕಂಪ್ಯೂಟರ್ ಕೆಲಸ, ಮನೆಯಿಂದಲೇ. ಒಳ್ಳೆ ಹುಡುಗ, ಇವತ್ತಿಗೂ ಹಾಗೇ ಹೇಳುತ್ತೇನೆ.

2024ರ ಜೂನ್‌ನಲ್ಲಿ ನೀರಿನ ಟ್ಯಾಂಕಿನ ಹಿಂದೆ ಮೂರು ಹೊಸ ಕುಂಡ ಬಂದವು. ಏನೋ ಇದು ಅಂದರೆ "ಔಷಧಿ ಗಿಡ ಮಾವ" ಅಂದ. ನನ್ನ ಹೆಂಡತಿ ಎಲೆ ನೋಡಿ, "ಪುಂಡಿ ಸೊಪ್ಪು ಅಲ್ವೇನ್ರೀ, ಸಾರಿಗೆ ಸ್ವಲ್ಪ ಕಿತ್ಕೊಳ್ಲಾ?" ಅಂತ ಕೇಳಿದ್ದಳು. ಅವಳ ತಪ್ಪಲ್ಲ, ಎಲೆ ನಿಜವಾಗಿಯೂ ಹಾಗೇ ಇರುತ್ತೆ, ಬೆರಳು ಬಿಡಿಸಿದ ಕೈಯ ಹಾಗೆ. ನನಗೆ ಗೊತ್ತಾಗಿದ್ದು ಆಗಸ್ಟ್‌ನಲ್ಲಿ. ಒಂದು ಎಲೆ ಉಜ್ಜಿ ಮೂಸಿದೆ. ಚಿಕ್ಕವನಿದ್ದಾಗ ಊರಿನ ಜಾತ್ರೆಗೆ ಬರುತ್ತಿದ್ದ ಸಾಧುಗಳ ಚಿಲುಮೆ ನೆನಪಾಯಿತು. ಭಂಗಿ, ಅದೇ ಗಾಂಜಾ.

ಅವತ್ತೇ ಮುಗಿಸಬೇಕಿತ್ತು. ಬೈದೆ, ಕೂಗಾಡಿದೆ, ಅಷ್ಟೇ. ಅವನು ತಣ್ಣಗೆ ಹೇಳಿದ: "ಮಾವ, ಜರ್ಮನಿಯಲ್ಲಿ ಈ ಏಪ್ರಿಲ್‌ನಿಂದ ಒಬ್ಬೊಬ್ಬರು ಮೂರು ಗಿಡ ಇಟ್ಕೋಬಹುದು. ಕೆನಡಾದಲ್ಲಿ ಮನೆಗೆ ನಾಲ್ಕು. ನಾನು ಮಾರಲ್ಲ, ಯಾರಿಗೂ ಕೊಡಲ್ಲ. ಹೂ ಬರುತ್ತೆ, ಕೊಯ್ತೀನಿ, ಕುಂಡ ಖಾಲಿ. ಇನ್ನೆರಡು ತಿಂಗಳು." ಜರ್ಮನಿಯ ಮಾತು ನಿಜವೇ. ಆದರೆ ನಾವಿರುವುದು ಕುವೆಂಪುನಗರದಲ್ಲಿ ಅನ್ನುವುದು ಆಗ ನನ್ನ ಬಾಯಿಗೆ ಬರಲಿಲ್ಲ.

ಇಲ್ಲಿಂದ ಮುಂದೆ ನನ್ನ ದಡ್ಡತನ. ಇದನ್ನು ಹೇಳಲಿಕ್ಕೆ ನಾಚಿಕೆ ಆಗುತ್ತೆ. ಸೆಪ್ಟೆಂಬರ್‌ನಲ್ಲಿ ಹೂ ಕಟ್ಟಲು ಶುರುವಾದಾಗ ಅವನಿಗೆ ಒಂದೇ ಚಿಂತೆ, ಯಾವಾಗ ಕೊಯ್ಯೋದು. ಎಲ್ಲೋ ಓದಿದ ಲೆಕ್ಕ ಇಲ್ಲಿಗೆ ಹೊಂದುತ್ತಿರಲಿಲ್ಲ. ಅದು ಬೇಸಿಗೆಯಲ್ಲಿ ಹದಿನೈದು ಹದಿನಾರು ಗಂಟೆ ಬಿಸಿಲಿರುವ ದೇಶದವರ ಲೆಕ್ಕ. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟಲ್ಲ. ಈ ಗಿಡ ಸೇವಂತಿಗೆಯ ಹಾಗೆ, ಹಗಲು ಗಿಡ್ಡವಾದರೆ ಹೂ ಬಿಡುವ ಸ್ವಭಾವದ್ದು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಸುತ್ತಾರಲ್ಲ, ಹೂ ಬೇಗ ಬರದೇ ಇರಲಿ ಅಂತ, ಅದೇ ಕಾರಣ. ಇದನ್ನು ಅವನಿಗೆ ವಿವರಿಸಿದವನು ನಾನೇ! ಬೈಯಲು ಹತ್ತಿದವನು ಪಾಠ ಹೇಳಿ ಇಳಿದೆ.

ಕೊಯ್ಲು ಅಂದರೆ ಮಂಡ್ಯದವರಿಗೆ ಒಂದು ಜಂಬ ಇರುತ್ತೆ. ಕಬ್ಬು ಹನ್ನೆರಡು ತಿಂಗಳ ಹತ್ತಿರಕ್ಕೆ ಬಂದಾಗ ನಮ್ಮ ಅಪ್ಪ ದಿನಾ ಗದ್ದೆಗೆ ಹೋಗಿ ಒಂದು ಜಲ್ಲೆ ಮುರಿದು ಅಗಿದು ನೋಡುತ್ತಿದ್ದರು. ಬುಡ ಸಿಹಿ, ತುದಿ ಸಪ್ಪೆ ಇದ್ದರೆ ಇನ್ನೂ ಕಾಯಬೇಕು. ಕಾರ್ಖಾನೆಯ ಫೀಲ್ಡ್‌ಮನ್ ಬಂದು ರಸದ ಹನಿಯನ್ನು ಸಿಹಿ ಅಳೆಯುವ ಬ್ರಿಕ್ಸ್ ಮೀಟರಿಗೆ ಹಾಕಿ ನೋಡುತ್ತಿದ್ದ. ಬೇಗ ಕಡಿದರೆ ಸಕ್ಕರೆ ಕೂತಿರಲ್ಲ. ಕಟಾವು ಆರ್ಡರ್ ತಡವಾಗಿ ಸೂಲಂಗಿ, ಅಂದರೆ ಕಬ್ಬಿನ ಹೂ, ಬಂದು ನಿಂತರೆ ಕಬ್ಬು ಬೆಂಡಾಗಿ ತೂಕ ಹೋಗುತ್ತೆ. ಆ ಕಾಯುವ ಆಟ ನನ್ನ ರಕ್ತದಲ್ಲೇ ಇದೆ. ಹುಡುಗ ಒಡವೆ ಅಂಗಡಿಯವರು ಇಟ್ಟುಕೊಳ್ಳುವಂಥ ಭೂತಗನ್ನಡಿ ತಂದು, ಹೂವಿನ ಮೇಲಿನ ಅಂಟು ಹರಳು ಗಾಜಿನ ಹಾಗಿದೆಯಾ, ಹಾಲಿನ ಬಣ್ಣಕ್ಕೆ ತಿರುಗಿದೆಯಾ, ಜೇನಿನ ಬಣ್ಣ ಬಂತಾ ಅಂತ ತೋರಿಸಿದಾಗ ನಾನೂ ಬಗ್ಗಿ ನೋಡಿದೆ. "ಇನ್ನೂ ಎಳೆ ಕಣೋ" ಅಂದೆ. ನನ್ನ ಬಾಯಿಂದಲೇ ಬಂದ ಮಾತು. ಸೇದುವ ಆಸೆ ನನಗಿರಲಿಲ್ಲ, ಬೆಳೆ ನೋಡುವ ಆಸೆ ಇತ್ತು. ಪೊಲೀಸರಿಗೆ ಈ ವ್ಯತ್ಯಾಸದಿಂದ ಆಗಬೇಕಾದ್ದು ಏನೂ ಇಲ್ಲ.

ದಸರಾ ಬಂತು. ಊರೆಲ್ಲ ದೀಪ, ಮನೆ ತುಂಬಾ ನೆಂಟರು. ತಾರಸಿಯ ಬಾಗಿಲಿಗೆ ಬೀಗ ಹಾಕಿ, "ಟ್ಯಾಂಕ್ ರಿಪೇರಿ" ಅಂತ ಸುಳ್ಳು ಹೇಳಿದೆ. ಜಂಬೂ ಸವಾರಿ ದಿನ ಕೊಯ್ಯೋಣ ಅಂದ, ಬೀದಿಯಲ್ಲಿ ಯಾರೂ ಇರಲ್ಲ ಅಂತ. ಆಮೇಲೆ ಅವನೇ "ಇನ್ನೊಂದ್ ವಾರ ಮಾವ" ಅಂದ. ಆ ವಾರ ಮಳೆ ಹಿಡಿಯಿತು. ಅಕ್ಟೋಬರ್ ನಡುವಿನ ಮಳೆ, ಬಿಡದೆ ಸುರಿದದ್ದು. ದಪ್ಪ ಹೂಗೊಂಚಲಿನ ಒಳಗೆ ಬೂದು ಬಣ್ಣದ ಬೂಷ್ಟು ಬಂತು. ಒಣಗಲಿ, ಬಿಸಿಲು ಬರಲಿ ಅಂತ ಮತ್ತೆ ಕಾದ. ವಾಸನೆಯಂತೂ ಮಳೆ ನಿಂತ ಮೇಲೆ ಬೀದಿಗೇ ಇಳಿಯಿತು. ಮಾವಿನ ಸೊನೆಗೆ ಬೆಕ್ಕಿನ ಉಚ್ಚೆ ಬೆರೆಸಿದ ಹಾಗೆ. ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ನಮ್ಮ ಕಡೆ ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಯಾರು ಹೇಳಿದರೋ ಗೊತ್ತಿಲ್ಲ, ಕೇಳಲೂ ಹೋಗಿಲ್ಲ. ದೀಪಾವಳಿಗೆ ಇನ್ನೂ ಒಂದು ವಾರ ಇತ್ತು. ಬೆಳಿಗ್ಗೆ ಆರೂವರೆಗೆ ಗೇಟಿನ ಮುಂದೆ ಜೀಪು. ಜೊತೆಗೆ ಒಬ್ಬರು ಅಧಿಕಾರಿ, ಇಬ್ಬರು ಪಂಚರು, ಒಂದು ತಕ್ಕಡಿ. ಆ ವರ್ಷದ ಜುಲೈನಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ ಜಪ್ತಿಯನ್ನು ವಿಡಿಯೊ ಮಾಡಲೇಬೇಕಂತೆ. ಹಾಗಾಗಿ ನನ್ನ ಬದನೆ ಗಿಡ, ನನ್ನ ಬನಿಯನ್ನು, ಬಾಗಿಲಲ್ಲಿ ನಿಂತು ಅಳುತ್ತಿದ್ದ ನನ್ನ ಹೆಂಡತಿ ಎಲ್ಲವೂ ಆ ವಿಡಿಯೊದಲ್ಲಿವೆ. ಮೂರೂ ಗಿಡ ಬೇರು ಸಮೇತ ಕಿತ್ತು, ಮಣ್ಣು ಒದರಿ ತೂಗಿದರು. ಎರಡು ಕೆಜಿ ಮುನ್ನೂರು ಗ್ರಾಂ. ಭೂತಗನ್ನಡಿಯನ್ನೂ ಕವರಿಗೆ ಹಾಕಿ ಸೀಲ್ ಮಾಡಿದರು.

ಕೊಯ್ದೇ ಇಲ್ಲವಲ್ಲ ಸ್ವಾಮಿ ಅಂತ ನಾನು ಅವತ್ತು ಹತ್ತು ಸಲ ಹೇಳಿರಬೇಕು. ಲಾಯರ್ ಹತ್ತಿರವೂ ಅದನ್ನೇ ಹೇಳಿದೆ. ಅವರು ನಗಲಿಲ್ಲ, ಪುಸ್ತಕ ತೆಗೆದು ತೋರಿಸಿದರು. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ. ಅದರ 20ನೇ ಸೆಕ್ಷನ್ನಿನಲ್ಲಿ ಎರಡು ಭಾಗ. ಇಟ್ಟುಕೊಳ್ಳುವುದು, ಮಾರುವುದು, ಸಾಗಿಸುವುದು ಒಂದು ಕಡೆ. ಅಲ್ಲಿ ತೂಕದ ಲೆಕ್ಕ ಬರುತ್ತೆ: ಗಾಂಜಾ ಒಂದು ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಬೆಳೆಯುವುದು ಇನ್ನೊಂದು ಕಡೆ. ಲೈಸೆನ್ಸ್ ಇಲ್ಲದೆ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಅಲ್ಲಿ ತೂಕವೂ ಇಲ್ಲ, ಕೊಯ್ಲೂ ಇಲ್ಲ, ಹೂವೂ ಇಲ್ಲ. ಗಿಡ ಬೆಳೆಸಿದರೆ ಸಾಕು.

ಹುಡುಗನಿಗೆ ಗೊತ್ತಿದ್ದ ಅರ್ಧ ಸತ್ಯ ಒಂದಿತ್ತು. ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಯನ್ನು. ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಗೆ ಬರಲ್ಲ. ಅದಕ್ಕೇ ಬೇರು, ಕಾಂಡ ಎಲ್ಲ ಸೇರಿಸಿ ತೂಗಿದ್ದನ್ನು ಪ್ರಶ್ನಿಸಬಹುದು ಅಂತ ಲಾಯರ್ ಹೇಳುತ್ತಾರೆ. ಪ್ರಶ್ನಿಸಿ ಏನು ಬಂತು? ತೂಕದ ಕೇಸು ಹಗುರಾಗಬಹುದು, ಬೆಳೆದ ಕೇಸು ಅಲ್ಲೇ ನಿಂತಿರುತ್ತೆ. ಉತ್ತರಾಖಂಡದಲ್ಲಿ ಬೆಳೆಯುತ್ತಾರಲ್ಲ ಅಂತ ಕೇಳುವವರಿಗೂ ಹೇಳಿಬಿಡುತ್ತೇನೆ. ಅದು ನಾರಿಗೆ, ಬೀಜಕ್ಕೆ ಬೆಳೆಯುವ, ಅಮಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರುವ ತಳಿ. ಅದಕ್ಕೂ ಸರ್ಕಾರದ ಲೈಸೆನ್ಸ್ ಬೇಕು.

ಇನ್ನು ನನ್ನ ವಿಷಯ. ನನ್ನ ಮನೆ, ನನ್ನ ತಾರಸಿ. 25ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟವನಿಗೆ ಮಾಡಿದವನಷ್ಟೇ ಶಿಕ್ಷೆ. 46ನೇ ಸೆಕ್ಷನ್ ಇನ್ನೂ ಖಾರ: ತನ್ನ ಜಮೀನಿನಲ್ಲಿ ಈ ಗಿಡ ಅಕ್ರಮವಾಗಿ ಬೆಳೆದದ್ದು ಗೊತ್ತಾದರೆ ಕೂಡಲೇ ತಿಳಿಸಬೇಕು, ತಿಳಿಸದಿದ್ದರೆ ಅದೂ ಅಪರಾಧ. ಹನೂರಿನ ಕಡೆ ಅರಿಶಿನದ ಹೊಲದ ನಡುವೆ ಗಿಡ ಸಿಕ್ಕಿತು, ರೈತನ ಬಂಧನ ಅಂತ ಪೇಪರಿನಲ್ಲಿ ಓದಿ "ಅಯ್ಯೋ ಪಾಪ" ಅನ್ನುತ್ತಿದ್ದವನು ನಾನು. ಗೊತ್ತಿರಲಿಲ್ಲ ಅನ್ನೋಣ ಅಂದರೆ ಈ ಕಾಯ್ದೆಯಲ್ಲಿ ಕೋರ್ಟು ಮೊದಲು ನಮಗೆ ಗೊತ್ತಿತ್ತು ಅಂತಲೇ ಊಹಿಸಿಕೊಳ್ಳುತ್ತೆ, ಇಲ್ಲ ಅಂತ ನಾವೇ ಸಾಬೀತು ಮಾಡಬೇಕು. ಅದೂ ಅಲ್ಲದೆ ಹುಡುಗನ ಮೊಬೈಲಿನಲ್ಲಿ ಭೂತಗನ್ನಡಿ ಹಿಡಿದು ಬಗ್ಗಿರುವ ನನ್ನ ಫೋಟೊ ಇತ್ತು. ಕೆಳಗೆ "ಮಾವನ ಪ್ರಕಾರ ಇನ್ನೂ ಎಳೆ" ಅಂತ ಬರೆದು ಯಾವನೋ ಗೆಳೆಯನಿಗೆ ಕಳಿಸಿದ್ದ.

ಅವನು ಇಪ್ಪತ್ತಮೂರು ದಿನ ಜೈಲಿನಲ್ಲಿದ್ದ. ನನಗೆ ನಿರೀಕ್ಷಣಾ ಜಾಮೀನು ಸಿಕ್ಕಿತು, ಅದು ಸಿಗುವವರೆಗೆ ಮಂಡ್ಯದ ಒಬ್ಬ ನೆಂಟರ ಮನೆಯ ಅಟ್ಟದ ಕೆಳಗೆ ಮಲಗಿದ್ದೆ. ಲಾಯರ್ ಫೀಸು, ಜಾಮೀನುದಾರರು, ಓಡಾಟ, ಅದನ್ನೆಲ್ಲ ಬರೆದರೆ ಇನ್ನೊಂದು ಕಥೆ. ಅವನ ಕೆಲಸ ಹೋಯಿತು. ಪಾಸ್‌ಪೋರ್ಟಿಗೆ ಹಾಕಿದ್ದ ಅರ್ಜಿ ಪೊಲೀಸ್ ವೆರಿಫಿಕೇಷನ್‌ನಲ್ಲೇ ನಿಂತಿದೆ. ಕೇಸು ಇನ್ನೂ ನಡೆಯುತ್ತಿದೆ. ಅಕ್ಕ ನನ್ನ ಹತ್ತಿರ ಮಾತಾಡಿ ತುಂಬಾ ದಿನ ಆಯಿತು. "ನಿನ್ನ ಮನೇಲಿ ಬಿಟ್ಟಿದ್ದೆ ಕಣೋ" ಅಂದದ್ದೇ ಕೊನೆ.

ಒಂದು ಮಾತು ಲಾಯರ್ ಮೊದಲ ದಿನವೇ ಹೇಳಿದ್ದರು. ಆಗಸ್ಟ್‌ನಲ್ಲಿ ಎಲೆ ಮೂಸಿದ ದಿನವೇ ನೀವು ಒಬ್ಬ ವಕೀಲರ ಹತ್ತಿರ ಹೋಗಿ, ಅವರ ಮೂಲಕ ಠಾಣೆಗೆ ತಿಳಿಸಿದ್ದರೆ ಇವತ್ತು ಬಹುಶಃ ಸಾಕ್ಷಿ ಆಗಿರುತ್ತಿದ್ದಿರಿ, ಆರೋಪಿ ಅಲ್ಲ ಅಂತ. ಬಾಡಿಗೆಗೆ ಮನೆ ಕೊಟ್ಟಿರುವವರು, ಮಕ್ಕಳನ್ನು ಮೇಲಿನ ರೂಮಿಗೆ ಬಿಟ್ಟಿರುವವರು ತಿಂಗಳಿಗೊಮ್ಮೆ ತಾರಸಿ ಹತ್ತಿ ನೋಡಿ. ಟ್ಯಾಂಕಿನ ಹಿಂದೆಯೂ ನೋಡಿ. ಕಂಡರೆ ಕೊಯ್ದು ಒಣಗಿಸಿ ಎತ್ತಿಡಲು ಹೋಗಬೇಡಿ, ಅದು ಇನ್ನೊಂದು ಕೇಸು. "ಇನ್ನೊಂದು ವಾರ" ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ನಮ್ಮನ್ನು ಹಿಡಿದು ಕೂರಿಸಿದ್ದು ಅದೇ.

ಪೊಲೀಸರು ಗಿಡ ಒಯ್ದರು, ಕುಂಡ ಬಿಟ್ಟು ಹೋದರು. ಹೆಂಡತಿ ಅದರಲ್ಲಿ ಮೆಂತ್ಯ ಚೆಲ್ಲಿದ್ದಾಳೆ. ಈಗ ಗೇಣುದ್ದ ಬಂದಿದೆ. ಯಾವಾಗ ಕೀಳೋದು ಅಂತ ನನ್ನನ್ನು ಕೇಳಿಲ್ಲ.