ಲಿಬ್‌ಎಸ್‌ವಿಎಂ: ಸಣ್ಣ ಡೇಟಾ ಇದ್ದರೆ ಮೊದಲು ಇದನ್ನೇ ಓಡಿಸಿ

ಕೆಲವು ಸಾವಿರ ಸಾಲುಗಳಷ್ಟೇ ಡೇಟಾ ಇದ್ದಾಗ ನ್ಯೂರಲ್ ನೆಟ್‌ವರ್ಕ್‌ಗೆ ಕೈ ಹಾಕುವ ಮುಂಚೆ ಲಿಬ್‌ಎಸ್‌ವಿಎಂ ಓಡಿಸಿ ನೋಡಲೇಬೇಕು. ನ್ಯಾಷನಲ್ ತೈವಾನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಚಿಹ್-ಜೆನ್ ಲಿನ್ ಮತ್ತು ಚಿಹ್-ಚುಂಗ್ ಚಾಂಗ್ 2000ರಲ್ಲಿ ಹೊರತಂದ ಉಚಿತ ಸಾಫ್ಟ್‌ವೇರ್ ಇದು. ಉದಾಹರಣೆಗಳಿಂದ ಕಲಿತು ಡೇಟಾವನ್ನು ವಿಂಗಡಿಸುವ ಎಸ್‌ವಿಎಂ (ಸಪೋರ್ಟ್ ವೆಕ್ಟರ್ ಮಷೀನ್) ಎಂಬ ವಿಧಾನವನ್ನು ಇದು ನಡೆಸುತ್ತದೆ. ಪೈಥಾನ್‌ನ ಮಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್‌ನಲ್ಲಿರುವ ಎಸ್‌ವಿಸಿ ಎಂಬ ಎಸ್‌ವಿಎಂ ವಿಂಗಡಕದ ಒಳಗೆ ಓಡುವುದೂ ಇದೇ ಕೋಡ್.

ಲಿನ್ 1998ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದವರು. ಆಪ್ಟಿಮೈಸೇಶನ್ ಮೇಲಿನ ಅವರ ಹಿಡಿತ ಇಲ್ಲಿ ಎದ್ದು ಕಾಣುತ್ತದೆ. 50,000 ಸಾಲುಗಳಿದ್ದರೆ, ಪ್ರತಿ ಎರಡು ಸಾಲುಗಳ ಹೋಲಿಕೆಯನ್ನು ಅಂಕಿಯಾಗಿ ಬರೆದಿಡುವ ಕರ್ನಲ್ ಮ್ಯಾಟ್ರಿಕ್ಸ್‌ನಲ್ಲಿ 250 ಕೋಟಿ ಸಂಖ್ಯೆಗಳು, ಮೆಮೊರಿ ಸಾಲದು. ಹಾಗಾಗಿ ಈ ಪ್ರೋಗ್ರಾಂ ಒಂದು ಸಲಕ್ಕೆ ಎರಡೇ ವೇರಿಯಬಲ್‌ಗಳನ್ನು ಬದಲಿಸುತ್ತಾ ಹೋಗುತ್ತದೆ, ಲೆಕ್ಕ ಹಾಕಿದ ಕಾಲಂಗಳನ್ನು ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಇಟ್ಟುಕೊಳ್ಳುತ್ತದೆ. ಕ್ಯಾಶ್ ಡೀಫಾಲ್ಟ್ 100 ಎಂಬಿ ಮಾತ್ರ. ಈಗಿನ ಕಂಪ್ಯೂಟರ್‌ಗಳಲ್ಲಿ 'ಎಂ' ಆಯ್ಕೆಯಿಂದ ಅದನ್ನು 1000ಕ್ಕೆ ಏರಿಸಿಕೊಳ್ಳಿ.

ಫಲಿತಾಂಶ ಕೆಟ್ಟು ಬಂದರೆ ಬಹುಪಾಲು ಕಾರಣ ಸ್ಕೇಲಿಂಗ್ ಮಾಡದಿರುವುದು, ಅಂದರೆ ಎಲ್ಲ ಫೀಚರ್‌ಗಳ (ಪ್ರತಿ ಸಾಲಿನಲ್ಲಿರುವ ಅಳತೆಗಳ) ಅಂಕಿಗಳನ್ನು ಒಂದೇ ವ್ಯಾಪ್ತಿಗೆ ತರದಿರುವುದು. ಲಿನ್ ತಂಡದ ಕೈಪಿಡಿಯಲ್ಲೇ ಉದಾಹರಣೆ ಇದೆ: 3,089 ತರಬೇತಿ ಸಾಲು, 4,000 ಪರೀಕ್ಷಾ ಸಾಲು, ನಾಲ್ಕೇ ಫೀಚರ್. ಡೇಟಾವನ್ನು ಹಾಗೇ ಕೊಟ್ಟಾಗ ನಿಖರತೆ ಶೇ. 66.9, ಸ್ಕೇಲ್ ಮಾಡಿದ ಮೇಲೆ ಶೇ. 96.15. ಪ್ಯಾರಾಮೀಟರ್ ಹುಡುಕಾಟ ಸೇರಿಸಿದರೆ ಶೇ. 96.9ರ ಹತ್ತಿರ. ದೊಡ್ಡ ಅಂಕಿಗಳ ಫೀಚರ್ ದೂರದ ಲೆಕ್ಕವನ್ನೆಲ್ಲ ನುಂಗಿಹಾಕುವುದರಿಂದ ಹೀಗಾಗುತ್ತದೆ.

ಸ್ಕೇಲ್ ಮಾಡುವಾಗಲೂ ಎಚ್ಚರ ಬೇಕು. ತರಬೇತಿ ಡೇಟಾದ ವ್ಯಾಪ್ತಿಯನ್ನು ಜೊತೆಗೇ ಬರುವ ಎಸ್‌ವಿಎಂ-ಸ್ಕೇಲ್ ಪ್ರೋಗ್ರಾಂನ 'ಎಸ್' ಆಯ್ಕೆಯಿಂದ ಫೈಲಿಗೆ ಉಳಿಸಿ, ಅದೇ ಫೈಲನ್ನು 'ಆರ್' ಆಯ್ಕೆಯಿಂದ ಪರೀಕ್ಷಾ ಡೇಟಾಗೆ ಹಚ್ಚಬೇಕು. ಎರಡನ್ನೂ ಬೇರೆಬೇರೆಯಾಗಿ ಸ್ಕೇಲ್ ಮಾಡಿದರೆ ಒಂದೇ ಮೌಲ್ಯ ಎರಡು ಕಡೆ ಎರಡು ಅಂಕಿಯಾಗುತ್ತದೆ, ಮಾಡೆಲ್ ಹಾದಿ ತಪ್ಪುತ್ತದೆ. ಸೊನ್ನೆಗಳೇ ತುಂಬಿರುವ ಡೇಟಾ ಆದರೆ ಕೆಳಮಿತಿಯನ್ನು 0 ಎಂದು ಕೊಡಿ. ಡೀಫಾಲ್ಟ್ −1 ಬಿಟ್ಟರೆ ಸೊನ್ನೆಗಳೆಲ್ಲ ಬೇರೆ ಅಂಕಿಗಳಾಗಿ ಫೈಲ್ ಊದಿಕೊಳ್ಳುತ್ತದೆ.

ಪ್ಯಾರಾಮೀಟರ್ ಹುಡುಕಾಟಕ್ಕೆ ಜೊತೆಗೇ ಬರುವ ಗ್ರಿಡ್ ಸ್ಕ್ರಿಪ್ಟ್ ಡೀಫಾಲ್ಟ್ ಆಗಿ ಸಿ (ತಪ್ಪಿಗೆ ಹಾಕುವ ದಂಡ) ಮತ್ತು ಗಾಮಾದ (ಒಂದೊಂದು ಸಾಲಿನ ಪ್ರಭಾವ ಎಷ್ಟು ದೂರ ಎಂಬುದರ) 110 ಜೋಡಿಗಳನ್ನು ಐದು ಮಡಿಕೆಯ ಕ್ರಾಸ್-ವ್ಯಾಲಿಡೇಶನ್‌ನಲ್ಲಿ ನೋಡುತ್ತದೆ: ಡೇಟಾವನ್ನು ಐದು ಪಾಲು ಮಾಡಿ, ಸರದಿಯಂತೆ ನಾಲ್ಕರ ಮೇಲೆ ಕಲಿಸಿ ಒಂದರ ಮೇಲೆ ಪರೀಕ್ಷಿಸುತ್ತದೆ. ಅಂದರೆ 550 ಸಲ ತರಬೇತಿ. ಡೇಟಾ ದೊಡ್ಡದಿದ್ದರೆ ಒಂದು ಭಾಗದ ಮೇಲೆ ಹುಡುಕಿ, ಆಮೇಲೆ ಪೂರ್ತಿ ಓಡಿಸಿ.

ಕೊರತೆಗಳೂ ಇವೆ. ಲಕ್ಷ ಸಾಲು ದಾಟಿದರೆ ತೀರಾ ನಿಧಾನ. ಸಂಭವನೀಯತೆ ಕೇಳಿದರೆ ಒಳಗೊಂದು ಕ್ರಾಸ್-ವ್ಯಾಲಿಡೇಶನ್ ಹೆಚ್ಚುವರಿಯಾಗಿ ನಡೆಯುತ್ತದೆ. ಫೀಚರ್ ಸೂಚ್ಯಂಕಗಳು (ಕ್ರಮಸಂಖ್ಯೆಗಳು) ಏರಿಕೆಯ ಕ್ರಮದಲ್ಲಿ ಇಲ್ಲದಿದ್ದರೆ ಫೈಲನ್ನೇ ಓದುವುದಿಲ್ಲ.

ಕನ್ನಡ ಸುದ್ದಿ ವಿಂಗಡಣೆಗೆ ಮಾತ್ರ ಇದರ ಬದಲು ಅದೇ ತಂಡದ ಲಿಬ್‌ಲೀನಿಯರ್ ಹಾಕಿ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲವೂ ಬೇರೆಬೇರೆ ಫೀಚರ್ ಆಗಿ ಪಟ್ಟಿ ಲಕ್ಷ ಮುಟ್ಟುವುದು ಸುಲಭ. ಅಷ್ಟು ಫೀಚರ್‌ಗಳಿದ್ದಾಗ ಸಾಮಾನ್ಯವಾಗಿ ಲೀನಿಯರ್ (ಕರ್ನಲ್ ಇಲ್ಲದ, ನೇರ ಗೆರೆಯಂತೆ ಬೇರ್ಪಡಿಸುವ) ಮಾಡೆಲ್ ಸಾಕು, ತರಬೇತಿಯೂ ಬಲು ಬೇಗ ಮುಗಿಯುತ್ತದೆ.